ಗಾಡಿಯ ಮೇಲೆ ಕೂತು ಕೇಳುವ ಕತೆ

ಪ್ರಶ್ನೆ: ನಾವಿರುವುದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಪಕ್ಕದ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗನೊಬ್ಬ ಈ ವರ್ಷ ಅವಳ ಕ್ಲಾಸಿಗೆ ಸೇರಿದ್ದಾನೆ. "ಅವನು ಹೊರಗಿನವನು, ಅವನ ಊರಿಗೆ ಹೋಗ್ಲಿ" ಎಂದು ಮಗಳು ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು. ಬುದ್ಧಿ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಕಾಲದ ವಲಸೆಯ ಕತೆಗಳನ್ನು ಓದಿಸಿದರೆ ಮಕ್ಕಳಿಗೆ ಅರ್ಥವಾಗುತ್ತದೆ ಅಂತ ಗೆಳತಿಯೊಬ್ಬಳು ಹೇಳುತ್ತಾಳೆ. ಎಂಥ ಕತೆ ಆರಿಸಬೇಕು, ಹೇಗೆ ಹೇಳಬೇಕು? ಇತಿಹಾಸಕ್ಕೆ ಕಲ್ಪನೆ ಬೆರೆಸಿದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವೇ?

ಉತ್ತರ: ‘ಹೊರಗಿನವನು’ ಎನ್ನುವುದು ಹತ್ತು ವರ್ಷದ ಮಗು ತಾನಾಗಿ ಕಂಡುಹಿಡಿದ ಪದವಲ್ಲ. ಎಲ್ಲೋ ಜಗಲಿಯಲ್ಲಿ ಕೇಳಿಸಿಕೊಂಡದ್ದು. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಆಳು ಸಿಗದೆ ಪರದಾಡುವಾಗ "ಅಸ್ಸಾಮಿನವರು ಸಿಕ್ಕಿದ್ರು, ಬದುಕಿದ್ವಿ" ಎನ್ನುವವರು ನಾವೇ. ಸಂಜೆ ಅದೇ ಜಗಲಿಯಲ್ಲಿ "ಎಲ್ಲೆಲ್ಲಿಂದಲೋ ಬಂದು ತುಂಬ್ಕೊಂಡ್ರು" ಎನ್ನುವವರೂ ನಾವೇ. ಮಗು ಎರಡನೆಯದನ್ನು ಎತ್ತಿಕೊಂಡಿದೆ, ಅಷ್ಟೆ. ಹಾಗಾಗಿ ಅವಳನ್ನು ಬೈಯಲು ಹೋಗಬೇಡಿ.

ನಿಮ್ಮ ಗೆಳತಿ ಹೇಳಿದ್ದು ಸರಿ. ಆದರೆ ಯಾವುದೋ ಒಂದು ಕತೆ ಹೇಳಿದರೆ ಆಗುವುದಿಲ್ಲ. ಮೇಷ್ಟ್ರಾಗಿದ್ದಾಗಲೂ, ನಿವೃತ್ತಿಯಾದ ಮೇಲೆ ಸಾಗರ, ಹೊಸನಗರದ ಕಡೆ ಶಾಲೆಗಳಲ್ಲಿ ಕತೆ ಹೇಳುತ್ತ ತಿರುಗುವಾಗಲೂ ಇಂಥ ಕತೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಮುಕ್ಕಾಲು ಪಾಲು ಒಂದೇ ಅಚ್ಚಿನವು. ಊರಿಗೆ ಬಡ ಹುಡುಗ ಬರುತ್ತಾನೆ. ಎಲ್ಲರೂ ಗೇಲಿ ಮಾಡುತ್ತಾರೆ. ಊರಿನ ಒಳ್ಳೆಯ ಹುಡುಗಿ ತನ್ನ ಡಬ್ಬಿಯಿಂದ ಅರ್ಧ ದೋಸೆ ಕೊಡುತ್ತಾಳೆ. ಕತೆ ಮುಗಿಯಿತು. ಇದನ್ನು ಕೇಳಿದ ಮಗು ಯಾರ ಜಾಗದಲ್ಲಿ ಕೂರುತ್ತದೆ ಹೇಳಿ? ದೋಸೆ ಕೊಟ್ಟವಳ ಜಾಗದಲ್ಲಿ. ಬಂದವನು ಕೈಚಾಚಿ ನಿಂತವನಾಗಿಯೇ ಉಳಿದ. ಅವನು ಎಲ್ಲಿಂದ ಬಂದ, ಯಾಕೆ ಬಂದ, ಅವನಿಗೆ ದೋಸೆ ಇಷ್ಟವೋ ಇಲ್ಲವೋ, ಒಂದೂ ಗೊತ್ತಾಗಲಿಲ್ಲ.

ಹಾಗಾಗಿ ನನ್ನ ಹಠ ಒಂದೇ. ಕತೆ ಬಂದವನ ಕಣ್ಣಿನಿಂದ ಶುರುವಾಗಬೇಕು. ಮೊದಲ ಸಾಲಿಗೇ ಮಗು ಗಾಡಿಯ ಮೇಲೆ, ಗಂಟುಮೂಟೆಯ ಮಧ್ಯ ಕೂತಿರಬೇಕು. ಬಂದವರನ್ನು ನೋಡುತ್ತ ಜಗಲಿಯ ಮೇಲಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ ಆಶ್ರಯ ಕೊಟ್ಟಳು. ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಇದು ಗೊತ್ತು. ನಾಟಕವನ್ನೂ ಆಡುತ್ತಾರೆ. ನಾಟಕದಲ್ಲಿ ಎಲ್ಲ ಹುಡುಗಿಯರಿಗೂ ಚೆನ್ನಮ್ಮನೇ ಆಗಬೇಕು. ರಾಜಾರಾಮನ ಪಾತ್ರ ಯಾರಿಗೂ ಬೇಡ. ಮಾತೇ ಇಲ್ಲ ಅವನಿಗೆ!

ನಾನು ಇದನ್ನು ತಿರುಗಿಸಿ ಹೇಳುತ್ತೇನೆ. ರಾಜಾರಾಮನಿಗೆ ಆಗ ಹತ್ತೊಂಬತ್ತು ವರ್ಷ. ಅಣ್ಣ ಸಂಭಾಜಿಯನ್ನು ಕೊಂದು ಕೆಲವೇ ತಿಂಗಳಾಗಿದೆ. ಜೊತೆಯಲ್ಲಿರುವವರೆಲ್ಲ ವೇಷ ಮರೆಸಿಕೊಂಡಿದ್ದಾರೆ. ಆ ಗುಂಪಿನಲ್ಲಿ ಕುದುರೆ ನೋಡಿಕೊಳ್ಳುವ ಒಬ್ಬ ಹುಡುಗನನ್ನು ನಾನು ಕಟ್ಟಿದ್ದೇನೆ. ಅವನಿಗೆ ಕನ್ನಡ ಬರುವುದಿಲ್ಲ. ಬಾಯಿ ಬಿಟ್ಟರೆ ಮರಾಠಿ, ಮರಾಠಿ ಕೇಳಿಸಿದರೆ ಗುಟ್ಟು ರಟ್ಟು. ಈಗ ಅವನಿಗೆ ಬಾಯಾರಿಕೆಯಾಗಿದೆ. ಆರನೇ ಕ್ಲಾಸಿನ ಮಕ್ಕಳಿಗೆ "ಮಾತಾಡದೆ ನನ್ನ ಹತ್ರ ನೀರು ಕೇಳಿ" ಎಂದೆ. ಶುರುವಿನಲ್ಲಿ ನಗು, ಕೈಸನ್ನೆ, ಗಲಾಟೆ. ನಾನು ಅರ್ಥವಾಗದವನಂತೆ ಕೂತೆ. ಐದು ನಿಮಿಷಕ್ಕೆ ನಗು ನಿಂತಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಸಿಟ್ಟಿನಲ್ಲಿ ಹೇಳಿದ: "ಸಾರ್, ಮಾತು ಬರದೇ ಇದ್ರೆ ನಾವು ಪೆದ್ದರ ಥರ ಕಾಣ್ತೀವಿ. ಆದ್ರೆ ನಾವು ಪೆದ್ದರಲ್ಲ." ಆ ದಿನ ನಾನು ಮುಂದಿನ ಪಾಠ ಮಾಡಲಿಲ್ಲ. ನಿಮ್ಮ ಮಗಳ ಕ್ಲಾಸಿನ ಆ ಹುಡುಗ ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಅನುಭವಿಸುತ್ತಿರುವುದು ಇದನ್ನೇ, ಅಲ್ವಾ?

ಇನ್ನು ಯಾವ ಕಾಲದ, ಯಾವ ಊರಿನ ಕತೆ? ದೂರದ್ದು ಆಮೇಲೆ. ಮೊದಲು ನಮ್ಮದೇ ಜಿಲ್ಲೆಯ ನೀರಿನ ಕತೆ.

ಜೋಗದ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. ಅದಕ್ಕೆ ನೀರು ಹಿಡಿದಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದ್ದರು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಹೊಸ ಅಣೆಕಟ್ಟೆಯ ನೀರು ಹಳೆಯ ಅಣೆಕಟ್ಟೆಯನ್ನೇ ನುಂಗಿತು. ಇದನ್ನು ಮಕ್ಕಳು ನಂಬುವುದೇ ಇಲ್ಲ. ಅಣೆಕಟ್ಟೆ ಮುಳುಗುತ್ತಾ ಅಂತ ಕೇಳುತ್ತಾರೆ. ಅಣೆಕಟ್ಟೆಯೇ ಮುಳುಗಿದ ಮೇಲೆ ಮನೆಗಳ ಪಾಡೇನು ಎಂದು ಅವರಿಗೇ ಹೊಳೆಯುತ್ತದೆ. ಮಳೆಗಾಲದಲ್ಲಿ ಪೇಪರ್‌ನಲ್ಲಿ ದಿನಾ ಬರುತ್ತದಲ್ಲ, ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು ಅಂತ? ಆ 1819 ನಮಗೆ ಸುಮ್ನೆ ಒಂದು ಸಂಖ್ಯೆ. ಆ ಗೆರೆಯ ಕೆಳಗೆ ಮನೆ ಇದ್ದವರಿಗೆ ಅದು ಊರು ಬಿಡುವ ಸಂಖ್ಯೆ. ಶರಾವತಿ ಕಣಿವೆಯಿಂದ ಎದ್ದವರು ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಹೊಸನಗರದ ಕಡೆಗೆಲ್ಲ ಚದುರಿದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ನಿಮ್ಮ ಸುತ್ತಮುತ್ತಲೇ ಇದ್ದಾರೆ.

ನಾನು ಹೇಳುವ ಕತೆಯಲ್ಲಿ ಭಾಗಿ ಎಂಬ ಹುಡುಗಿ ಇದ್ದಾಳೆ. ನಿಮ್ಮ ಮಗಳಷ್ಟೇ ವಯಸ್ಸು. ಕತೆ ಶುರುವಾಗುವುದು ಹೀಗೆ: "ಅಪ್ಪ ಮಾಡು ಹತ್ತಿ ಹಂಚು ಇಳಿಸುತ್ತಿದ್ದ. ಕೆಳಗೆ ನಿಂತು ಎಣಿಸುವ ಕೆಲಸ ನನ್ನದು. ನಾನೂರ ಹನ್ನೆರಡರ ತನಕ ಎಣಿಸಿದೆ. ಆಗ ಅಡಿಗೆಮನೆಯೊಳಗೆ ಬಿಸಿಲು ಬಿತ್ತು. ಅಲ್ಲಿ ಬಿಸಿಲು ಬಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಣಿಕೆ ತಪ್ಪಿಹೋಯಿತು."

ಇಲ್ಲಿ ಯಾರೂ ಅಳುವುದಿಲ್ಲ. ನೋವು, ಸಂಕಟ, ಕಣ್ಣೀರು ಅಂತ ಒಂದು ಪದವೂ ಇಲ್ಲ. ಬೇಕಾಗಿಯೂ ಇಲ್ಲ. ಮಕ್ಕಳಿಗೆ ವಸ್ತು ಸಾಕು. ಭಾಗಿಯ ಅಮ್ಮ ಗಾಡಿ ಹತ್ತುವಾಗ ಅಪ್ಪೆಮಿಡಿಯ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಮಿಡಿ ಹೊಳೆದಂಡೆಯ ಮರದ್ದು. ಮಲೆನಾಡಿನ ಒಳ್ಳೆಯ ಅಪ್ಪೆಮಿಡಿ ಬೆಳೆಯುವುದೇ ಹೊಳೆಯ ಅಂಚಿನಲ್ಲಿ. ಶರಾವತಿ ದಂಡೆಯ ಎಷ್ಟೋ ಮರಗಳು ಹೀಗೆಯೇ ನೀರಿನಡಿ ಹೋದವು. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಅಂದರೆ ಮರ ಸತ್ತ ಮೇಲೂ ಭರಣಿಯಲ್ಲಿ ಮಿಡಿ ಇದೆ. ಹೊಸ ಊರಿನಲ್ಲಿ ಅಮ್ಮ ಊಟಕ್ಕೆ ಒಂದೊಂದೇ ಮಿಡಿ ತೆಗೆಯುತ್ತಾಳೆ. ಕೊನೆಗೆ ಭರಣಿಯಲ್ಲಿ ಮೂರು ಉಳಿಯುತ್ತವೆ. ಮುಂದೇನು ಅಂತ ನಾನು ಹೇಳುವುದಿಲ್ಲ. ತಿನ್ನಬೇಕಾ, ಇಡಬೇಕಾ ಎಂದು ಮಕ್ಕಳೇ ಜಗಳ ಆಡಲಿ.

ಒಂದು ಶಾಲೆಯಲ್ಲಿ ಇದನ್ನು ಹೇಳುವಾಗ ಒಬ್ಬಳು ನಡುವೆಯೇ ಕೈಯೆತ್ತಿದಳು. "ಬೆಕ್ಕನ್ನ ಕರ್ಕೊಂಡು ಹೋದ್ರಾ?" ಬೆಕ್ಕು ನನ್ನ ಕತೆಯಲ್ಲಿ ಇರಲೇ ಇಲ್ಲ. ನೀವೇ ಹೇಳಿ ಎಂದೆ. ಬೆಕ್ಕು ಮನೆಗೆ ಅಂಟಿಕೊಂಡಿರುತ್ತೆ, ಮನುಷ್ಯರಿಗಲ್ಲ, ಎಷ್ಟು ದೂರ ಬಿಟ್ಟರೂ ವಾಪಸ್ ಹೋಗುತ್ತೆ ಎಂದು ಒಬ್ಬ ವಾದಿಸಿದ. ಹಾಗಾದ್ರೆ ಅದು ಮಾಡಿಲ್ಲದ ಮನೆಗೆ ಹೋಗಿ ಕೂತಿತು ಎಂದು ಇನ್ನೊಬ್ಬ ಹೇಳಿದ. ಕೈಯೆತ್ತಿದ್ದ ಹುಡುಗಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ನೀರು ಬರುತ್ತೆ ಅಂತ ಬೆಕ್ಕಿಗೆ ಯಾರು ಹೇಳಿದ್ರು?" ಅಂದಿನಿಂದ ನನ್ನ ಕತೆಯಲ್ಲಿ ಬೆಕ್ಕು ಇದೆ.

ಈಗ ನಿಮ್ಮ ಸುಳ್ಳಿನ ಪ್ರಶ್ನೆ. ತುಂಬಾ ಒಳ್ಳೆಯ ಪ್ರಶ್ನೆ, ಕೇಳುವವರೇ ಕಡಿಮೆ. ನನ್ನ ಪದ್ಧತಿ ಸರಳ. ಕತೆ ಮುಗಿದ ಮೇಲೆ ಹೊಲಿಗೆ ಬಿಚ್ಚಿ ತೋರಿಸಿಬಿಡಿ. ಲಿಂಗನಮಕ್ಕಿ ನಿಜ, 1964 ನಿಜ, 1819 ಅಡಿ ನಿಜ. ಜನ ಹಂಚು, ಬಾಗಿಲು, ಕಂಬ ಬಿಚ್ಚಿ ಒಯ್ದದ್ದೂ ನಿಜ. ಭಾಗಿ ನಾನು ಕಟ್ಟಿದವಳು. ನಾನೂರ ಹನ್ನೆರಡು ನನ್ನ ಲೆಕ್ಕ. ಬೆಕ್ಕು ಆ ಹುಡುಗಿಯದ್ದು. ಹೀಗೆ ಹೇಳಿದರೆ ಮಜಾ ಹೋಗುತ್ತದೆ ಎಂದು ದೊಡ್ಡವರು ಹೆದರುತ್ತಾರೆ. ಮಕ್ಕಳಿಗೆ ಇದೇ ಆಟ. ಎರಡು ಬಣ್ಣದ ಪೆನ್ಸಿಲ್ ಕೊಡಿ, ನಿಜಕ್ಕೆ ಒಂದು ಬಣ್ಣ, ಕಟ್ಟಿದ್ದಕ್ಕೆ ಇನ್ನೊಂದು. ಸಾಲುಸಾಲಾಗಿ ಗುರುತು ಹಾಕುತ್ತಾರೆ.

ಆದರೆ ಕೆಲವು ಕಡೆ ಕೈ ಹಾಕಬಾರದು. ಯಾರು ತೀರ್ಮಾನ ಮಾಡಿದರು, ಯಾರು ಕಳೆದುಕೊಂಡರು, ಕೊನೆಗೆ ಏನಾಯಿತು, ಇವನ್ನು ಸಿಹಿ ಮಾಡಲು ಬದಲಿಸಬಾರದು. "ಎಲ್ಲರಿಗೂ ಒಳ್ಳೆಯ ಜಮೀನು ಸಿಕ್ಕಿತು, ಸುಖವಾಗಿ ಬಾಳಿದರು" ಎಂದು ಬರೆದರೆ ಅದು ಕಲ್ಪನೆಯಲ್ಲ, ಸುಳ್ಳು. ಮುಳುಗಡೆಯವರ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಆದರೂ ಮುಗಿದಿಲ್ಲ. ಜೋಗದ ಕರೆಂಟು ಊರೂರಿಗೆ ಹೋಯಿತು, ಹಿನ್ನೀರಿನಾಚೆಯ ಎಷ್ಟೋ ಮನೆಗಳಿಗೆ ಬಹಳ ತಡವಾಗಿ ಬಂತು. ದೊಡ್ಡ ಮಕ್ಕಳಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು 1951ರಲ್ಲಿ. ಅಂದರೆ ನೀರು ಬರುವ ಮೊದಲೇ ಅಲ್ಲಿ ಉಳುವವನೊಬ್ಬ, ಜಮೀನಿನ ಒಡೆಯನೊಬ್ಬ. ಎಂಟನೇ ಕ್ಲಾಸಿನ ಹುಡುಗನೊಬ್ಬ ನನ್ನನ್ನು ಕೇಳಿದ್ದ: "ಜಮೀನು ಮುಳುಗಿದ್ದಕ್ಕೆ ದುಡ್ಡು ಕೊಟ್ರು ಸರಿ. ಬೇರೆಯವರ ಜಮೀನಲ್ಲಿ ಇದ್ದವರಿಗೆ?" ಇಂಥ ಪ್ರಶ್ನೆ ಬಂದಾಗ ಕತೆಯ ಪುಸ್ತಕ ಮುಚ್ಚಿಟ್ಟು ಕೂತು ಮಾತಾಡಬೇಕು.

ಓದಲು ಪುಸ್ತಕ ಬೇಕೆಂದರೆ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಹುಡುಕಿ. ಮಕ್ಕಳ ಕಾದಂಬರಿ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಇದಕ್ಕೆ. ಡಿಸೋಜ ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು, ಮುಳುಗಡೆಯನ್ನು ಹತ್ತಿರದಿಂದ ಕಂಡು ಬರೆದವರು. ಉಳಿದಂತೆ ಕನ್ನಡದಲ್ಲಿ ಮಕ್ಕಳಿಗಾಗಿ ಇಂಥ ಪುಸ್ತಕ ಜಾಸ್ತಿ ಇಲ್ಲ. ನೀವೇ ಕಟ್ಟಬೇಕು, ಅದು ಅಂದುಕೊಂಡಷ್ಟು ಕಷ್ಟವಲ್ಲ. ಹಿರಿಯರೊಬ್ಬರನ್ನು ಕೂರಿಸಿಕೊಂಡು ಕೇಳಿ. "ಆಗ ನಿಮಗೆ ಹೇಗನಿಸ್ತು" ಎಂದು ಕೇಳಬೇಡಿ, "ಏನನ್ಸತ್ತೆ, ಹೋದ್ವಿ" ಎಂದು ಎದ್ದುಬಿಡುತ್ತಾರೆ. "ಗಾಡಿಯಲ್ಲಿ ಏನೇನು ಹೇರಿದ್ರಿ" ಎಂದು ಕೇಳಿ. ಸಂಜೆಯಾದರೂ ಮಾತು ಮುಗಿಯುವುದಿಲ್ಲ.

ಮುಳುಗಡೆ ನಿಮ್ಮ ಕಡೆಯದ್ದಲ್ಲ ಎನಿಸಿದರೆ ಬೇರೆ ಎಳೆಗಳಿವೆ. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬಂದವರು ಮಲೆನಾಡಿನ ಊರೂರಲ್ಲಿ ಇದ್ದರು. ತುಳು ಮಾತಾಡುತ್ತ ಬಂದವರ ಮೊಮ್ಮಕ್ಕಳು ಈಗ ಇಲ್ಲಿಯವರೇ. ಭದ್ರಾವತಿಯದ್ದಂತೂ ಒಂದು ಕಾದಂಬರಿಗಾಗುವಷ್ಟಿದೆ. ಹಿಂದೆ ಅದರ ಹೆಸರು ಬೆಂಕಿಪುರ. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕುಲುಮೆಗೆ ಬೆಂಕಿ ಬಿತ್ತು. ತಮಿಳು, ತೆಲುಗು, ಮಲಯಾಳ ಮಾತಾಡುವ ಕೆಲಸಗಾರರು ಬಂದು ಸೇರಿದರು. ಬೆಂಕಿಪುರ ಎಂಬ ಊರಿಗೆ ಕುಲುಮೆ ಬಂದದ್ದನ್ನು ಕೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಉಳಿದದ್ದನ್ನು ಅವರೇ ಕೇಳುತ್ತಾರೆ.

ದೂರದ ಕತೆಗೆ ಹೋಗುವುದಾದರೆ ನನಗೆ ಇಷ್ಟವಾದದ್ದು ಗಿರ್ಮಿಟ್. ಹುಬ್ಬಳ್ಳಿಯ ಮಂಡಕ್ಕಿ ಗಿರ್ಮಿಟ್ ಅಲ್ಲ! ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟದ ಕೂಲಿಗೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಜನರನ್ನು ಹಡಗು ಹತ್ತಿಸುತ್ತಿದ್ದರು. ಮಾರಿಷಸ್‌ಗೆ 1834ರಿಂದ, ಫಿಜಿಗೆ 1879ರಿಂದ. ಈ ಬಗೆಯ ನೇಮಕ ನಿಂತದ್ದು 1917ರಲ್ಲಿ. ಆ ಕರಾರಿಗೆ ಇಂಗ್ಲಿಷಿನಲ್ಲಿ ಅಗ್ರಿಮೆಂಟ್ ಅನ್ನುತ್ತಿದ್ದರು. ಜನರ ಬಾಯಲ್ಲಿ ಅದು ಗಿರ್ಮಿಟ್ ಆಯಿತು, ಹೋದವರು ಗಿರ್ಮಿಟಿಯಾಗಳಾದರು. ಓದು ಬರದ ಕೈಗೆ ಕಾಗದ ಕೊಟ್ಟು ಸಹಿ ಹಾಕಿಸಿದರೆ ಏನಾಗುತ್ತದೆ ಎನ್ನುವುದನ್ನು ತೋರಿಸಲು ನಾನು ಮಕ್ಕಳ ಕೈಗೆ ಅವರಿಗೆ ಬಾರದ ಲಿಪಿಯ ಒಂದು ಹಾಳೆ ಕೊಟ್ಟು "ಸಹಿ ಮಾಡಿ, ಚಾಕಲೇಟು ಕೊಡ್ತೀನಿ" ಎನ್ನುತ್ತೇನೆ. ಎಲ್ಲರೂ ಮಾಡುತ್ತಾರೆ. ಆಮೇಲೆ "ಇದರಲ್ಲಿ ಐದು ವರ್ಷ ನನ್ನ ತೋಟದ ಕಳೆ ಕೀಳ್ತೀನಿ ಅಂತ ಇದೆ" ಎಂದರೆ ಬಾಯಿ ಬಾಯಿ ಬಿಡುತ್ತಾರೆ. ಚಾಕಲೇಟು ವಾಪಸ್ ಕೊಡಲು ಮಾತ್ರ ಯಾರೂ ಒಪ್ಪಿಲ್ಲ ಇಲ್ಲಿಯವರೆಗೆ.

ಪದಗಳ ವಿಷಯ ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮನೆಯಲ್ಲಿ ನಾವು ಆಡುವ ಕ್ರಿಯಾಪದಗಳನ್ನು ಸ್ವಲ್ಪ ಗಮನಿಸಿ. ನಮ್ಮ ಮನೆಯ ಹುಡುಗ ಬೆಂಗಳೂರಿಗೆ ‘ಕೆಲಸಕ್ಕೆ ಹೋಗಿದ್ದಾನೆ’. ಅತ್ತೆಯ ಮಗ ನ್ಯೂಜೆರ್ಸಿಯಲ್ಲಿ ‘ಸೆಟ್ಲ್ ಆಗಿದ್ದಾನೆ’. ಅಸ್ಸಾಮಿನವನು ಮಾತ್ರ ‘ವಲಸೆ ಬಂದಿದ್ದಾನೆ’. ಮೂವರೂ ಮಾಡಿದ್ದು ಒಂದೇ. ಮಲೆನಾಡಿನ ಅಡಿಕೆ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದು, ಮಕ್ಕಳೆಲ್ಲ ಹೊರಗೆ ಇರುವಾಗ, ಆ ತೋಟವನ್ನು ನಿಲ್ಲಿಸಿರುವವರು ಈ ಬಂದವರೇ. ನಿಮ್ಮ ಸಂಬಂಧಿಕರಲ್ಲಿ ಹೊರದೇಶದಲ್ಲಿ ಇರುವವರಿದ್ದರೆ ಮಗಳ ಕೈಲಿ ಫೋನ್ ಮಾಡಿಸಿ ಕೇಳಿಸಿ: ಮೊದಲ ವಾರ ಅಂಗಡಿಯಲ್ಲಿ ಏನು ಕೇಳಲು ಬರಲಿಲ್ಲ? ಯಾರಾದರೂ ನಕ್ಕರಾ? ಅದೂ ಕತೆಯೇ.

ವಯಸ್ಸಿನ ಬಗ್ಗೆ ನನಗೆ ಕಟ್ಟುನಿಟ್ಟಿಲ್ಲ. ಚಿಕ್ಕವರಿಗೆ ಭರಣಿ, ಬೆಕ್ಕು ಸಾಕು. ನಿಮ್ಮ ಮಗಳ ವಯಸ್ಸಿಗೆ ಪೂರ್ತಿ ಕತೆ ನಡೆಯುತ್ತದೆ. ಯಾರದು ತಪ್ಪು, ಯಾರಿಗೆ ಲಾಭ ಎನ್ನುವ ಮಾತು ಹನ್ನೆರಡರ ಮೇಲೆ.

ಇನ್ನೊಂದು ಎಚ್ಚರಿಕೆ, ಇದು ನಾನೇ ಎಡವಿ ಕಲಿತದ್ದು. ಹಲವು ವರ್ಷದ ಹಿಂದೆ ಒಂದು ಶಾಲೆಯಲ್ಲಿ ಮುಳುಗಡೆಯ ಕತೆ ಹೇಳಿ ಮುಗಿಸಿದೆ. ಮಕ್ಕಳು ಮೆತ್ತಗಾಗಿದ್ದರು. ನನಗೆ ಹುರುಪು ಬಂತು. ಕ್ಲಾಸಿನಲ್ಲಿ ಬಯಲುಸೀಮೆಯಿಂದ ಕೆಲಸಕ್ಕೆ ಬಂದವರ ಮಗ ಒಬ್ಬ ಇದ್ದ. "ನೀನೂ ಊರು ಬಿಟ್ಟು ಬಂದೆಯಲ್ಲ, ನಿನ್ನ ಕತೆ ಹೇಳು" ಎಂದು ಎಲ್ಲರೆದುರು ನಿಲ್ಲಿಸಿದೆ. ಅವನು ಕಿಟಕಿ ನೋಡುತ್ತ ನಿಂತ. ಒಂದು ಮಾತೂ ಆಡಲಿಲ್ಲ. ಮರುದಿನ ಬರಲಿಲ್ಲ, ಮೂರನೇ ದಿನವೂ ಬರಲಿಲ್ಲ. ಅವನು ಅಲ್ಲಿಯವರೆಗೆ ಕ್ಲಾಸಿನ ಒಳ್ಳೆಯ ಕಬಡ್ಡಿ ಆಟಗಾರ ಆಗಿದ್ದ. ನಾನು ಒಂದೇ ನಿಮಿಷದಲ್ಲಿ ಅವನನ್ನು ‘ಬಂದವನು’ ಮಾಡಿಬಿಟ್ಟೆ. ಹಳೆಯ ಕಾಲದ ಕತೆ ನಮಗೆ ಬೇಕಾಗಿರುವುದೇ ಇದಕ್ಕೆ. ಇವತ್ತಿನ ಮಗುವನ್ನು ಎತ್ತಿ ಪ್ರದರ್ಶನಕ್ಕೆ ಇಡದೆ ಅದೇ ವಿಷಯ ಮಾತಾಡಲು ಸಾಧ್ಯವಾಗಬೇಕು. ನಿಮ್ಮ ಮಗಳಿಗೆ ಕತೆ ಹೇಳಿದ ಮೇಲೂ "ನೋಡು, ಅವನೂ ಹಾಗೇ ಪಾಪ" ಅನ್ನಬೇಡಿ. ಆ ಕೊಂಡಿ ಅವಳೇ ಹಾಕಿಕೊಳ್ಳಲಿ. ಒಂದು ತಿಂಗಳಾಗಬಹುದು. ಆಗದೆಯೂ ಇರಬಹುದು.

ಅಸ್ಸಾಮಿನ ಬಗ್ಗೆ ಮಾತ್ರ ನೀವು ಸ್ವಲ್ಪ ತಿಳಿದುಕೊಂಡಿರಿ, ಕೇಳಿದಾಗ ಹೇಳಲು. ಅಲ್ಲಿನ ಟೀ ತೋಟಗಳ ಕೆಲಸಕ್ಕೆ ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲಿ ಈಗಿನ ಜಾರ್ಖಂಡ್, ಒಡಿಶಾ ಕಡೆಯ ಜನರನ್ನು ಕರೆದೊಯ್ದಿದ್ದರು. ಅಂದರೆ ಅಲ್ಲಿಯೂ ಎಷ್ಟೋ ಮನೆಗಳು ಹಿಂದೊಮ್ಮೆ ಬಂದವರದ್ದೇ. ಇನ್ನು ಬ್ರಹ್ಮಪುತ್ರ ವರ್ಷವರ್ಷವೂ ದಂಡೆ ಕೊರೆಯುತ್ತದೆ, ಗದ್ದೆ, ಮನೆ, ಊರನ್ನು ಒಯ್ಯುತ್ತದೆ. ನಮ್ಮ ಶರಾವತಿ ನಿಂತು ಮುಳುಗಿಸಿತು, ಅದು ಹರಿಯುತ್ತ ಕೊಚ್ಚುತ್ತದೆ. ಆ ಹುಡುಗನ ಮನೆಯವರು ಇದರಿಂದಲೇ ಬಂದರು ಎಂದು ಊಹಿಸಬೇಡಿ. ಬರೀ ಸಂಬಳ ಜಾಸ್ತಿ ಎಂದು ಬಂದಿರಬಹುದು. ಹಾಗೆ ಬಂದರೂ ತಪ್ಪೇನಿಲ್ಲ, ನ್ಯೂಜೆರ್ಸಿಯವನೂ ಹೋದದ್ದು ಅದಕ್ಕೇ.

ಬೇಸಿಗೆಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಮಗಳನ್ನು ಸಾಗರದ ಕಡೆಗೆ ಕರೆದುಕೊಂಡು ಹೋಗಿ. ಲಿಂಗನಮಕ್ಕಿಯ ನೀರು ಚೆನ್ನಾಗಿ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟೆ ಮೇಲೆ ಬರುತ್ತದೆ. ಇಷ್ಟು ವರ್ಷ ನೀರಿನಡಿ ಇದ್ದರೂ ಅದರ ಕಲ್ಲುಕಟ್ಟಡ ಗಟ್ಟಿಯಾಗಿ ನಿಂತಿದೆ. ಹೊರಡುವ ಮೊದಲು ನೀರು ಎಷ್ಟಿದೆ, ದಾರಿ ಬಿಟ್ಟಿದ್ದಾರಾ ಎಂದು ಅಲ್ಲಿಯವರನ್ನು ವಿಚಾರಿಸಿ. ಬಿಸಿಲು ಜೋರು, ಟೋಪಿ, ಕುಡಿಯುವ ನೀರು ಇರಲಿ. ಭಾಗಿಯ ಕತೆಯನ್ನು ಅಲ್ಲಿ ಕೂತು ಹೇಳಿ, ಅಥವಾ ದಾರಿಯಲ್ಲಿ ಹೇಳಿ ಮುಗಿಸಿ ಅಲ್ಲಿ ಸುಮ್ಮನಿರಿ. ಇಳಿದ ಕೂಡಲೇ ಅವಳು ಮಾಡುವ ಮೊದಲ ಕೆಲಸ ನೀರಿಗೆ ಕಲ್ಲು ಎಸೆಯುವುದು. ಎಸೆಯಲಿ ಬಿಡಿ. ನಾನು ಕರೆದುಕೊಂಡು ಹೋದ ಮಕ್ಕಳೆಲ್ಲ ಹಾಗೇ ಮಾಡಿದ್ದಾರೆ, ಒಬ್ಬಳನ್ನು ಬಿಟ್ಟು. ಅವಳು ಒಣಗಿದ ಕೆಸರಿನಲ್ಲಿ ಬೆಕ್ಕಿನ ಹೆಜ್ಜೆ ಹುಡುಕುತ್ತಿದ್ದಳು.